ಬೈಕಿಗೇನಾಯ್ತು?

ಜೂನ್ 3, ಸೋಮವಾರ

ಮದುವೆಯಾಗಿ ಹತ್ತೊಂಬತ್ತನೇ ದಿನ! ದಾನಾರ್ ಟೀ ಮಾಡಿ ತಂದ. ಸಕ್ಕರೆ ಮರೆತಿದ್ದ. ಆದರೂ ಜಗತ್ತಿನ ಬೆಸ್ಟ್ ಟೀ...

ಆಫೀಸಿನಲ್ಲಿ ಹೊಸ ಪೋಸ್ಟರ್. ಟ್ರ್ಯಾಕ್‌ಸೂಟ್ ಹಾಕಿದ ತೆಳು ಹುಡುಗಿ, ಕೆಳಗೆ 'ನಡೆಯಿರಿ, ಆರೋಗ್ಯವಾಗಿರಿ'. ನಮ್ಮ ಸೋಲೋ ನಗರದ ಗೋಡೆಗಳಿಗೆ ಅಂಟಿಸುವ ಮುನ್ನ ಹನ್ನೆರಡು ಹೆಂಗಸರಿಗೆ ತೋರಿಸಿ ಅಭಿಪ್ರಾಯ ಕೇಳಬೇಕು. ನನ್ನ ಮೊದಲ ಕ್ಯಾಂಪೇನ್! ಶುಕ್ರವಾರ ವರದಿ. ಕೆಟ್ಟರೆ ಮತ್ತೆ ಫೋಟೊಕಾಪಿ ಮೇಜು — ಹೆಂದಾರ್ತೊ ಸರ್ ನಗುತ್ತಲೇ ಹೇಳಿದರು.

ಜೂನ್ 4

ಹನ್ನೆರಡು ಹೆಂಗಸರೂ ಬಂದರು, ಪೋಸ್ಟರ್ ನೋಡಿದರು, ತಿಂಡಿ ತಿಂದರು, ಹೊಗಳಿದರು. "ನಡೀತೀವಿ ಮಗಳೇ, ಯಾಕ್ ನಡೆಯಲ್ಲ!" ಹನ್ನೆರಡಕ್ಕೆ ಹನ್ನೆರಡೂ ಹೌದು. ಕುಣಿಯುವುದೊಂದೇ ಬಾಕಿ. ಮುಗಿದ ಮೇಲೆ ನೋಡಿದರೆ — ಇನ್ನೂರು ಹೆಜ್ಜೆ ದೂರದ ಮನೆಗೆ ಎಲ್ಲರೂ ಬೈಕ್ ಹತ್ತಿದರು. ಒಂದರ ಮೇಲೆ ಮೂವರು! ನಮ್ಮ ಜಾವಾ ದ್ವೀಪದವರು ಮುಖದೆದುರು 'ಇಲ್ಲ' ಅಂದದ್ದುಂಟೇ? ಗೊತ್ತಿದ್ದೂ ಬರೆದುಕೊಂಡೆ. ಪೆದ್ದಿ.

ಜೂನ್ 5, ಸಂಜೆ

ನಾನೇ ನಡೆದು ನೋಡೋಣ ಎಂದು ಮಾರ್ಕೆಟ್‌ಗೆ ಹೊರಟೆ. ಏಳು ನಿಮಿಷದ ದಾರಿ. ನಾಲ್ಕು ಬೈಕ್ ನಿಂತವು.

"ಎಲ್ಲಿಗೆ? ಹತ್ತಮ್ಮ, ಬಿಡ್ತೀನಿ."

"ಬೇಡ ಅಂಕಲ್, ಸುಮ್ನೆ ನಡೀತಿದ್ದೀನಿ."

"ಸುಮ್ನೆ ಯಾರು ನಡೀತಾರೆ? ಬೈಕಿಗೇನಾಯ್ತು?"

ಪಕ್ಕದ ಮನೆ ತುಮಿನಿ ಆಂಟಿ ಮಾತ್ರ ಏನೂ ಕೇಳಲಿಲ್ಲ. ಕೈ ಹಿಡಿದು, "ಮೊದಮೊದಲು ಹೀಗೇ ಕಣಮ್ಮ" ಅಂದರು.

ಏನು ಹೀಗೇ?

ಜೂನ್ 6, ಬೆಳಿಗ್ಗೆ ಆರು

ಬಾಗಿಲಲ್ಲಿ ಅತ್ತೆ! ಕೈಯಲ್ಲಿ ತೆಂಗಿನಹಾಲಿನ ಅನ್ನ. ನೇರ ಹೋಗಿ ದಾನಾರ್‌ನ ಕಿವಿ ಹಿಡಿದರು.

"ತುಮಿನಿ ಫೋನ್ ಮಾಡಿದ್ಲು. ಇಪ್ಪತ್ತೆರಡು ದಿನಕ್ಕೇ ಹೆಂಡ್ತೀನ ಬೀದೀಲಿ ನಡೆಸ್ತೀಯೇನೋ? ಏನೋ ಜಗಳ?"

"ಅಯ್ಯೋ ಅಮ್ಮಾ, ಕಿವಿ! ಅವಳು ಆಫೀಸ್ ಕೆಲಸಕ್ಕೆ ನಡೆದದ್ದು!"

ನಕ್ಕು ನಕ್ಕು ನೆಲಕ್ಕೆ ಕೂತೆ. ಥಟ್ಟನೆ ನಗು ನಿಂತಿತು. ಇದೇ ಉತ್ತರ! ಬಿಸಿಲಲ್ಲ, ಕಾಲುನೋವಲ್ಲ — ಒಂಟಿಯಾಗಿ ನಡೆದರೆ ಊರೆಲ್ಲ ಕನಿಕರ ಪಡುತ್ತದೆ.

"ಅತ್ತೆ, ನೀವು ಯಾವಾಗ ನಡೀತೀರಿ?"

"ಜೊತೆಗೆ ಯಾರಾದ್ರೂ ಇದ್ರೆ. ಹರಟೆ ಹೊಡೀತಾ ಹೋಗೋರನ್ನ ಯಾರು ಕೇಳ್ತಾರೆ?"

ಮಧ್ಯಾಹ್ನ ಅದೇ ಹನ್ನೆರಡು ಹೆಂಗಸರ ಮನೆಗೆ ಹೋದೆ. ಈ ಸಲ 'ನೀವು ನಡೀತೀರಾ' ಅನ್ನಲಿಲ್ಲ. 'ಪಕ್ಕದ ಮನೆಯವರು ಯಾಕೆ ನಡೆಯಲ್ಲ' ಅಂದೆ. ಅಬ್ಬಾ! ನೋಟ್‌ಬುಕ್ ಸಾಲದಾಯಿತು. ಹನ್ನೆರಡರಲ್ಲಿ ಹತ್ತು ಮನೆಯಲ್ಲಿ ಅತ್ತೆಯ ಮಾತೇ.

ಜೂನ್ 7, ಶುಕ್ರವಾರ

ಒಪ್ಪಿದರು!!! ಟ್ರ್ಯಾಕ್‌ಸೂಟ್ ಹುಡುಗಿ ಔಟ್. ಹೊಸದರಲ್ಲಿ ಇಬ್ಬರು ಹೆಂಗಸರು, ಮಾರ್ಕೆಟ್ ಬುಟ್ಟಿ, ದೊಡ್ಡ ನಗು. 'ಪಕ್ಕದ ಮನೆಯವರನ್ನೂ ಕರೆಯಿರಿ.' ಹೆಂದಾರ್ತೊ ಸರ್ ನಿಟ್ಟುಸಿರಿಟ್ಟರು — "ಫೋಟೊಕಾಪಿಗೆ ಇನ್ಯಾರನ್ನ ಹುಡುಕಲಿ?"

ನಾಲ್ಕು ದಿನದ ಮೇಲೆ ಹೊಟ್ಟೆತುಂಬ ಉಂಡೆ.

ಜೂನ್ 21, ಸಂಜೆ

ಬೀದಿ ಮೂಲೆಯಲ್ಲಿ ನನ್ನ ಪೋಸ್ಟರ್! ದಾನಾರ್ ಚಪ್ಪಲಿ ಮೆಟ್ಟಿ ಗೇಟಿನಲ್ಲಿ ನಿಂತಿದ್ದಾನೆ. ಮಾರ್ಕೆಟ್‌ಗೆ, ನಡೆದು, ಇಬ್ಬರೂ.

ಬೇಲಿಯಾಚೆಯಿಂದ ತುಮಿನಿ ಆಂಟಿ — "ರಾಜಿ ಆಯ್ತೇನ್ರೋ?"

"ಆಯ್ತು ಆಂಟಿ, ಕಿವಿ ಇನ್ನೂ ನೋಯ್ತಿದೆ!"

"ಇರ್ರೋ, ನಾನೂ ಬರ್ತೀನಿ, ಚಪ್ಪಲಿ ಎಲ್ಲಿ ಬಿಟ್ಟೆ..."

ಕರೆಯುತ್ತಿದ್ದಾರೆ. ಬಂದೆ, ಬಂದೆ, ಇದೊಂದು ಸಾಲು ಬರೆದು—