ಅಪೆನಿಸಾ ತಂದ ಬೇರು

ನವೆಂಬರ್ ೯, ಶನಿವಾರ. ಕ್ಯಾಟರಿಕ್, ಇಂಗ್ಲೆಂಡ್.

ಇವತ್ತು ಆ ಬೇರು ಮುಟ್ಟಬಾರದಿತ್ತು ನಾನು. ಥೂ.

ಸಂಜೆ ಅಪೆನಿಸಾ ಬಂದಿದ್ದ. ನನ್ನ ಹಾಗೇ ಫಿಜಿಯಿಂದ ಬಂದು ಹದಿಮೂರು ವರ್ಷ ಈ ಬ್ರಿಟಿಷರ ಸೈನ್ಯದಲ್ಲಿ ದುಡಿದವನಿಗೆ ಈಗ ದೇಶ ಬಿಡು ಅಂತ ಕಾಗದ ಬಂದಿದೆ. ನೆಲದ ಮೇಲೆ ಕೂತು ಯಾಂಗೋನಾ ಬೇರಿನ ಕಟ್ಟನ್ನು ನನ್ನ ಮುಂದಿಟ್ಟ. ನಮ್ಮ ಫಿಜಿಯಲ್ಲಿ ಹಾಗೆ ಮುಂದಿಟ್ಟ ಬೇರನ್ನು ಮುಟ್ಟಿದರೆ ಮುಗಿಯಿತು, ಕೇಳಿದ್ದನ್ನು ನಡೆಸಿಕೊಡಲೇಬೇಕು.

"ಮಂಗಳವಾರ ಮಂತ್ರಿಗಳ ಮುಂದೆ ನಮ್ಮೆಲ್ಲರ ಪರವಾಗಿ ನೀವೇ ಮಾತಾಡ್ಬೇಕು, ಅಣ್ಣ" ಅಂದ.

ಮುಟ್ಟಿದೆ.

ಇಂಥ ಕಾಗದ ಬಂದ ಮಾಜಿ ಸೈನಿಕರಿಗಾಗಿ ನಾವು ಹಿಡಿದ ಫಲಕಗಳ ಮೇಲೆಲ್ಲ ಒಂದೇ ಮಾತು: ಸೈನ್ಯ ಬಿಡುವಾಗ ಇಲ್ಲಿ ನೆಲೆಸೋಕೆ ಅರ್ಜಿ ಹಾಕಬೇಕೆಂದು ಯಾರೂ ಹೇಳಲಿಲ್ಲ. ಆದರೆ ಅರ್ಜಿ ಹಾಕಬೇಕಾ ಅಂತ ಅಪೆನಿಸಾ ಕೇಳಿದ್ದ. ಬಿಡುವ ವಾರ ಪಾಸ್‌ಪೋರ್ಟ್ ಹಿಡಿದುಕೊಂಡು ನನ್ನ ಹತ್ತಿರವೇ ಬಂದಿದ್ದ, ಅವನ ಸಾರ್ಜೆಂಟ್ ನಾನು. ಅದರೊಳಗಿನ, ಸೈನಿಕನಿಗೆ ವೀಸಾ ಬೇಡ ಅನ್ನುವ ಮುದ್ರೆ ತೋರಿಸಿ, "ಇದಿರೋವಾಗ ಇನ್ಯಾವ ಅರ್ಜಿಯೋ, ಹೋಗೋ" ಅಂತ ನಕ್ಕಿದ್ದೆ. ಸಮವಸ್ತ್ರ ಕಳಚಿದ ದಿನವೇ ಆ ಮುದ್ರೆಗೆ ಬೆಲೆ ಇಲ್ಲ ಅಂತ ನನಗೂ ಗೊತ್ತಿರಲಿಲ್ಲ.

ಹೊರಡುವಾಗ ಬಾಗಿಲಲ್ಲಿ ಕೂತು ಬೂಟು ಹಾಕಿಕೊಳ್ಳುತ್ತಾ, ತಲೆ ಎತ್ತದೆ ಹೇಳಿದ: "ಪತ್ರಿಕೆಯವರು ಬಂದಿದ್ರಣ್ಣ. ಅರ್ಜಿ ಬೇಡ ಅಂತ ಯಾರಾದ್ರೂ ಹೇಳಿದ್ರಾ ಅಂತ ಕೆದಕಿ ಕೆದಕಿ ಕೇಳಿದ್ರು. ಯಾರೂ ಇಲ್ಲ ಅಂದೆ."

ಮಂಗಳವಾರ ನಾನೂ ಹಾಗೇ ಹೇಳಬೇಕು. ಬೇರು ಮುಟ್ಟಿದ್ದೇನೆ.