ಶೇಂಗಾ ಎಣ್ಣೆ ಕುಡಿದ ಪಿಸ್ತೂಲು

ಮಿಲಿಟ್ರಿ ಮಾವನವರಿಗೆ,

ಅಪ್ಪನ ಗೆಳೆಯರಾಗಿ ಚಳ್ಳಕೆರೆಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ನಶ್ಯ ಏರಿಸುತ್ತಿದ್ದ ನಿಮಗೆ ನಾನು ಎಂದೂ ಕಾಗದ ಬರೆದವಳಲ್ಲ. ಎರಡು ಬೀದಿ ದಾಟಿದರೆ ನಿಮ್ಮ ಮನೆ, ಕಾಗದವೇಕೆ? ಆದರೆ ಆ ಎರಡು ಬೀದಿ ದಾಟಿ ಬಂದು ಒಂದು ಮಾತು ಹೇಳಲಾಗದೆ ಒಂಬತ್ತು ವರ್ಷ ಕಳೆದೆ. ಅಷ್ಟರಲ್ಲಿ ನೀವೇ ಈ ಲೋಕ ಬಿಟ್ಟು ಹೊರಟುಹೋದಿರಿ. ಮೊಳಕಾಲ್ಮೂರಿನ ಶಾಲೆಯಲ್ಲಿ ಅವತ್ತು ನಿಮ್ಮ ಗುರಿ ತಪ್ಪಿದ್ದು ನನ್ನಿಂದ ಮಾವ.

ನೀವು ಮೊದಲ ಸಲ ಪಿಸ್ತೂಲು ತೋರಿಸಿದ ದಿನ ನೆನಪಿದೆಯೇ? ಹಾಳೆಗೆ ತೂತು ಹೊಡೆಯುವ ಗಾಳಿ ಪಿಸ್ತೂಲು ಅದು, ಆದರೂ ಡಿಗ್ರಿ ಎರಡನೇ ವರ್ಷದಲ್ಲಿದ್ದ ನನಗೆ ಆಗಲೇ ಹೊಡೆಯಬೇಕೆಂಬ ಆತುರ. ನಿಮ್ಮ ಮನೆಯ ಪಡಸಾಲೆಯಲ್ಲಿ ನೀವು ಹಳೇ ಟವೆಲ್ ಹಾಸಿದಿರಿ. "ಮೊದ್ಲು ಬಿಚ್ಚೋದು ಕಲಿ, ಆಮ್ಯಾಲೆ ಹೊಡೆಯೋದು. ಖಾಲಿ ಐತಾ ನೋಡು. ಇನ್ನೊಂದ್ ಸಲ ನೋಡು." ಸ್ಪ್ರಿಂಗು, ಪಿಸ್ಟನ್ನು, ಅದರ ತುದಿಯ ಚರ್ಮದ ವಾಶರು, ಎಲ್ಲವನ್ನೂ ಬಿಚ್ಚಿದ ಸಾಲಿನಲ್ಲೇ ಇಟ್ಟು, ಕೊನೆಯದರಿಂದ ಮತ್ತೆ ಜೋಡಿಸಬೇಕು. ನಾನು ಜೋಡಿಸಿ ಮುಗಿಸಿದಾಗ ಟವೆಲ್ ಮೇಲೆ ಒಂದು ಪಿನ್ನು ಉಳಿದಿತ್ತು. "ಇದನ್ನೇನು ಮೂಗಿಗೆ ಚುಚ್ಕೊಂತೀಯಾ?" ಎಂದಿರಿ. ಅತ್ತೆ ಒಳಗಿನಿಂದಲೇ ನಕ್ಕರು. ತಿಂಗಳೊಪ್ಪತ್ತಿನಲ್ಲಿ ಕೈ ಪಳಗಿತು. ಆಗ ಪಿಸ್ತೂಲನ್ನೂ ಒಂದು ಪುಟ್ಟ ಬಾಟಲಿ ಮೆಷಿನ್ ಎಣ್ಣೆಯನ್ನೂ ನನಗೆ ಕೊಟ್ಟು, "ಎರವಲು ಕಣವ್ವ, ದಾನ ಅಲ್ಲ. ವಾರಕ್ಕೊಂದ್ ಸಲ ಬಿಚ್ಚಿ ಒರೆಸ್ಬೇಕು" ಎಂದಿರಿ.

ಆಯುಧಪೂಜೆ ಬಂತು. ಅಪ್ಪನ ಎಣ್ಣೆ ಮಿಲ್ಲಿನಲ್ಲಿ ಯಂತ್ರಗಳಿಗೆಲ್ಲ ವಿಭೂತಿ, ಚೆಂಡುಹೂವು. ಆ ಸಾಲಿನಲ್ಲಿ ನಿಮ್ಮ ಪಿಸ್ತೂಲನ್ನೂ ಇಟ್ಟು ಮೆರೆಯಬೇಕು ಎನ್ನಿಸಿತು ನನಗೆ. ಪೂಜೆಗೆ ಮುಂಚೆ ಬಿಚ್ಚಿ ಎಣ್ಣೆ ಹಾಕೋಣವೆಂದರೆ, ಮುಚ್ಚಳ ಹಾಕದೆ ಇಟ್ಟಿದ್ದ ನಿಮ್ಮ ಬಾಟಲಿ ಉರುಳಿ ಖಾಲಿಯಾಗಿತ್ತು. "ಮಿಲ್ಲಿನ ಮನೇಲಿ ಎಣ್ಣೆಗೆ ಬರವೇನೇ?" ಎಂದಳು ಅವ್ವ. ಅಪ್ಪನೂ "ನಮ್ಮ ಶೇಂಗಾ ಎಣ್ಣೆಗಿಂತ ಚೊಲೋದು ಯಾವುದೈತೆ?" ಅಂದ. ಆಗ ತಾನೇ ತೆಗೆದ ಎಣ್ಣೆಯನ್ನು ಚಮಚದಲ್ಲಿ, ಮಗುವಿಗೆ ಕುಡಿಸಿದ ಹಾಗೆ ಕುಡಿಸಿದೆ. ನಾಳೆ ಬಿಚ್ಚಿ ಒರೆಸಿದರಾಯಿತು ಅಂದುಕೊಂಡೆ. ಮರುದಿನ ಬನ್ನಿ ಹಂಚುವ ಓಡಾಟ, ಆಮೇಲೆ ಪರೀಕ್ಷೆ, ಆಮೇಲೆ ಸೋಮಾರಿತನ. ಎರಡು ತಿಂಗಳು ಪಿಸ್ತೂಲಿನ ಡಬ್ಬಿ ಮುಟ್ಟಲಿಲ್ಲ.

ಮೊಳಕಾಲ್ಮೂರಿನ ಬಸ್ಸು ಹತ್ತಿದ ಬೆಳಿಗ್ಗೆ ನೀವು ಹೊಸ ಶರ್ಟು ಹಾಕಿದ್ದಿರಿ. ಹೆಣ್ಣುಮಕ್ಕಳಿಗೆ ಗುರಿ ಕಲಿಸುತ್ತೇನೆ ಎಂದು ಆ ಶಾಲೆಗೆ ನೀವು ಎಷ್ಟು ಅಲೆದಿರಿ, ಮೊದಲು ಹೊಡೆದು ತೋರಿಸಿ ಎಂದು ಹೆಡ್ಮಾಸ್ತರರು ಕೊನೆಗೂ ಒಪ್ಪಿದ್ದರು. ಬಸ್ಸಿನಲ್ಲಿ ಕೇಳಿದಿರಿ, "ಬಿಚ್ಚಿ ಒರೆಸಿದ್ಯೇನವ್ವ?"

"ಹ್ಞೂಂ ಮಾವ."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು. ಶಾಲೆಯಲ್ಲಿ ಡಬ್ಬಿ ತೆರೆದಾಗ ಕಮಟು ವಾಸನೆ ನನ್ನ ಮೂಗಿಗೆ ಬಡಿಯಿತು. ನಶ್ಯದಿಂದ ಮರಗಟ್ಟಿದ ನಿಮ್ಮ ಮೂಗಿಗೆ ಅದು ತಿಳಿಯಲಿಲ್ಲ. ಆಗಲಾದರೂ ಬಾಯಿ ಬಿಡಬಹುದಿತ್ತು. ಹುಡುಗಿಯರು ಸಾಲಾಗಿ ನಿಂತಿದ್ದರು, ನೀವು ಅಷ್ಟು ನೆಟ್ಟಗೆ ನಿಂತಿದ್ದಿರಿ, ನನಗೆ...

ಐದು ಗುಂಡು ಹೊಡೆದಿರಿ. ಐದೂ ಹಾಳೆಯಿಂದ ಕೆಳಗೆ, ಮರಳಿನ ಚೀಲಕ್ಕೆ. "ರಿಟೈರಾದ ಮ್ಯಾಲೆ ರೆಸ್ಟ್ ತಗೋಬೇಕ್ರಿ" ಎಂದು ಡ್ರಿಲ್ ಮೇಷ್ಟ್ರು ನಕ್ಕ. ಹೆಡ್ಮಾಸ್ತರರು ಒಳ್ಳೆಯವರು, "ಪರ್ವಾಲೇದು ಸಾರ್, ಟೀ ಕುಡ್ದು ಹೋಗ್ರಿ" ಎಂದರು. ತರಗತಿಯ ಮಾತು ಮತ್ತೆ ಬರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ನೀವು ಬಲಗೈ ಬೆರಳುಗಳನ್ನು ಮಡಚಿ ಬಿಡಿಸಿ ನೋಡುತ್ತಿದ್ದಿರಿ. "ಪಿಸ್ತೂಲಿಗೇನೂ ಆಗಿಲ್ಲ, ನೀನು ಒರೆಸಿದೀಯಲ್ಲ. ನನ್ನ ಕೈ ಹೋಯ್ತು ಕಣವ್ವ." ಯಾರ ಬಂದೂಕನ್ನೂ ತೆರೆದು ನೋಡದೆ ಮುಟ್ಟದ ನೀವು, ನಿಮ್ಮ ಕೈಗಿಂತ ನನ್ನ ಮಾತನ್ನು ಹೆಚ್ಚು ನಂಬಿದಿರಿ. ಚಳ್ಳಕೆರೆಯಲ್ಲಿ ಇಳಿದ ಮೇಲೆ ಡಬ್ಬಿಯನ್ನು ನನ್ನ ಕೈಗೇ ಕೊಟ್ಟಿರಿ. "ಇಟ್ಕೋ. ನನಗ್ಯಾಕಿನ್ನು?" ನನ್ನ ಮದುವೆಯಲ್ಲಿ ಅದು ಟ್ರಂಕಿನ ತಳದಲ್ಲಿ ಗಂಡನ ಊರು ರಾಂಪುರಕ್ಕೆ ಬಂತು. ಊರಿಗೆ ಬಂದಾಗಲೆಲ್ಲ ನಿಮ್ಮ ಕಾಲಿಗೆ ಬಿದ್ದು, ಟೀ ಕುಡಿದು, ಬಾಯಿ ಮುಚ್ಚಿಕೊಂಡು ಹಿಂತಿರುಗುತ್ತಿದ್ದೆ. ಹೇಡಿ ನಾನು, ಬೇರೆ ಮಾತಿಲ್ಲ.

ಹೋದ ತಿಂಗಳು ಡಬ್ಬಿ ತೆರೆದೆ. ಎಣ್ಣೆ ಹಳದಿ ಅಂಟಾಗಿ ಪಿಸ್ಟನ್ನನ್ನು ಹಿಡಿದುಕೊಂಡಿತ್ತು. ಅವತ್ತು ಗಾಳಿಯ ಒತ್ತಡ ಸಾಲದೆ ಗುಂಡು ಕೆಳಗೆ ಬಿದ್ದದ್ದು ಇದರಿಂದಲೇ. ಸೀಮೆಎಣ್ಣೆಯಲ್ಲಿ ನೆನೆಸಿ ಬಿಚ್ಚಿದೆ, ಚಪ್ಪಲಿ ಹೊಲಿಯುವವರಿಂದ ಹೊಸ ವಾಶರು ಕೊಯ್ಯಿಸಿದೆ. ಜೋಡಿಸಿದಾಗ ಟವೆಲ್ ಮೇಲೆ ಒಂದು ಪಿನ್ನೂ ಉಳಿಯಲಿಲ್ಲ. ಚಳ್ಳಕೆರೆಗೆ ಬಂದು ನಿಮ್ಮ ಮನೆಯ ಅತ್ತೆಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಅನ್ನ ಕಲಸೋವಾಗ್ಲೂ ಆ ಕೈ ನೋಡ್ಕೊಂತಿದ್ರು" ಎಂದರು. "ನನಗ್ಯಾಕೆ ಹೇಳ್ತೀಯವ್ವಾ? ಅವರಿಗೆ ಹೇಳ್ಬೇಕಿತ್ತು" ಎಂದು ಒಳಗೆ ಹೋದರು. ಅದಕ್ಕೇ ಈ ಕಾಗದ.

ಸೋಮವಾರ ಆ ಶಾಲೆಗೆ ಹೋಗುತ್ತೇನೆ. ಡ್ರಿಲ್ ಮೇಷ್ಟ್ರು ಇನ್ನೂ ಅಲ್ಲೇ ಇದ್ದಾನಂತೆ. ಅವನೆದುರು ನನ್ನ ಸುಳ್ಳನ್ನು ನಾನೇ ಹೇಳುತ್ತೇನೆ, ನಗುವುದಾದರೆ ನನ್ನನ್ನು ನೋಡಿ ನಗಲಿ.

ನಿನ್ನೆ ಹಿತ್ತಲಲ್ಲಿ ಚೀಲಕ್ಕೆ ಹಾಳೆ ಅಂಟಿಸಿ ಐದು ಗುಂಡು ಹೊಡೆದೆ ಮಾವ. ಒಂಬತ್ತು ವರ್ಷ ಒಂದು ಗುಂಡೂ ಹೊಡೆಯದ ಕೈ ನನ್ನದು. ಆದರೂ ನಾಲ್ಕು ನಡುವಿಗೇ ಬಿದ್ದವು. ನಿಮ್ಮ ಕೈಯಾಗಿದ್ದರೆ ಐದೂ ಬೀಳುತ್ತಿದ್ದವು.