ಮೂರನೇ ಸಾಲಿನ ಭಾಷಣಕಾರರಿಗೆ

ಮಾಸ್ತರೇ, ನಿಲ್ಕುಂದದ ಶಾಲೆಯಲ್ಲಿ ನಾಲ್ಕನೇ ಇಯತ್ತೆಗೆ ನಿಮ್ಮೆದುರು ನೆಲದ ಮೇಲೆ ಕೂತಿದ್ದವನ ನಮಸ್ಕಾರ.

ಕಾಗದ ಬರೆಯುವಾಗ ಮೊದಲು ಕ್ಷೇಮ ಕೇಳಬೇಕು ಎಂದು ಕಲಿಸಿದವರು ನೀವೇ. ತೀರಿಹೋದವರ ಕ್ಷೇಮವನ್ನು ಕೇಳುವುದು ಹೇಗೆಂದು ಮಾತ್ರ ಕಲಿಸಲಿಲ್ಲ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ನಾನು ನಿಮ್ಮದೊಂದು ವಸ್ತುವನ್ನು ಕದ್ದಿದ್ದೆ. ಅದು ನಿಮಗೆ ಗೊತ್ತಿತ್ತು. ಎಷ್ಟು ಗೊತ್ತಿತ್ತು ಎಂಬುದು ನನಗೆ ತಿಳಿದದ್ದು ನೀವು ಹೋಗಿ ಎಂಟು ತಿಂಗಳಾದ ಮೇಲೆ.

ನಮ್ಮ ಉಪನ್ಯಾಸದ ಎರಡನೇ ವರ್ಷದ ಸಂಜೆ ನೆನಪಿದೆಯೇ? ತೊಂಬತ್ತರ ದಶಕದ ಶುರು. ನಾನು ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ ಗುಮಾಸ್ತ, ಸಂಜೆ ಹೊತ್ತಿಗೆ ವಾಚನಾಲಯದ ಕಾರ್ಯದರ್ಶಿ. ನೀವು ನಿವೃತ್ತರಾಗಿ ಇಸಳೂರಿನಲ್ಲಿ ಮನೆ ಕಟ್ಟಿಸಿಕೊಂಡು, ಪೇಪರು ಓದಲು ದಿನಾ ಬಸ್ಸು ಹತ್ತಿ ನಮ್ಮಲ್ಲಿಗೆ ಬರುತ್ತಿದ್ದಿರಿ. ಊರಿಗೆ ವರ್ಷಕ್ಕೊಂದಾದರೂ ಒಳ್ಳೆಯ ಭಾಷಣ ಬೇಕೆಂದು ವಾಚನಾಲಯದಿಂದ ವಾರ್ಷಿಕ ಉಪನ್ಯಾಸ ಶುರುಮಾಡಿದ್ದೆವು. ಆ ಸಲ ಅತಿಥಿಗಳ ಬಸ್ಸು ಯಲ್ಲಾಪುರದ ಆಚೆ ಕೆಟ್ಟು ನಿಂತಿತು. ಜನ ಎರಡು ತಾಸು ಕಾದು, ಮೈಕಿನವನು ಹಾಕಿದ ಕ್ಯಾಸೆಟ್ಟನ್ನೇ ಮೂರು ಸಲ ಕೇಳಿ ಎದ್ದುಹೋದರು. ಮರುದಿನದ ಸಭೆಯಲ್ಲಿ ಅಧ್ಯಕ್ಷರು, "ಇನ್ನು ಮೇಲೆ ಅತಿಥಿ ಬರದೇ ಹೋದ್ರೆ ಹೇಳಿ ಕೈಯಲ್ಲಿ ಒಬ್ರು ಇರವು" ಎಂದರು. ಎಲ್ಲರೂ ನನ್ನ ಮುಖ ನೋಡಿದರು. ನಾನು ಪೇಪರು ಓದುತ್ತಿದ್ದ ನಿಮ್ಮ ಮುಖ ನೋಡಿದೆ.

"ಅಡ್ಡಿಲ್ಲೆ ತಮಾ, ಬರೆದಿಡ್ತೆ" ಎಂದಿರಿ. ಅಷ್ಟೇ ಮಾತು. ಅಲ್ಲಿಂದ ಹನ್ನೊಂದು ವರ್ಷ ನೀವು ನಮ್ಮ ಕೈಯಲ್ಲಿದ್ದ ಒಬ್ಬರು. ಅತಿಥಿಗಳಿಗೆ ಕೊಟ್ಟ ವಿಷಯದ ಮೇಲೆಯೇ ಒಂದು ತಾಸಿನ ಪೂರ್ತಿ ಭಾಷಣ ಬರೆದು, ಇಸ್ತ್ರಿ ಮಾಡಿದ ಅಂಗಿ ಹಾಕಿ, ಮೂರನೇ ಸಾಲಿನ ತುದಿಯ ಕುರ್ಚಿಯಲ್ಲಿ ಬಂದು ಕೂರುತ್ತಿದ್ದಿರಿ. ಕರೆದರೆ ಯಾರ ಕಾಲೂ ತುಳಿಯದೆ ಎದ್ದು ಬರಬಹುದೆಂದು ಆ ತುದಿ. ಅತಿಥಿಗಳು ಬಾಗಿಲಿಗೆ ಬಂದರೆಂದರೆ ನಾನು ನಿಮ್ಮ ಕಡೆ ನೋಡಿ ತಲೆಯಾಡಿಸುತ್ತಿದ್ದೆ. ನೀವು ಕಾಗದವನ್ನು ನಾಲ್ಕಾಗಿ ಮಡಚಿ ಕಿಸೆಗೆ ಸೇರಿಸುತ್ತಿದ್ದಿರಿ. ನಿಮ್ಮ ಗ್ರಹಚಾರಕ್ಕೆ ಆಮೇಲೆ ಯಾರ ಬಸ್ಸೂ ಕೆಡಲಿಲ್ಲ. "ಈ ಸಲ ಬಪ್ಪವಕ್ಕೆ ಜ್ವರಗಿರ ಎಂತದೂ ಇಲ್ಲೆ ಅಲ್ದ?" ಎಂದು ನೀವೇ ನಗುತ್ತಿದ್ದಿರಿ. ಒಂದು ವರ್ಷವಾದರೂ ನಿಮ್ಮನ್ನೇ ಕರೆಯೋಣ ಎಂದು ನನಗೆ ಹೊಳೆಯಲಿಲ್ಲವೇ? ಹೊಳೆದಿತ್ತು, ಮಾಸ್ತರೇ. ದಿನಾ ಇಸಳೂರಿನ ಬಸ್ಸಿನಲ್ಲಿ ಸಿಗುವವರ ಭಾಷಣಕ್ಕೆ ಜನ ಎಲ್ಲಿಂದ ಬರಬೇಕು ಎಂದುಕೊಂಡು ಬಾಯಿ ಮುಚ್ಚಿಕೊಂಡೆ.

ಅತಿಥಿಗಳನ್ನು ಕರೆಯುವ ನಮ್ಮ ಸಡಗರವನ್ನು ನೀವು ಹತ್ತಿರದಿಂದ ನೋಡಿದ್ದೀರಿ. ಎಷ್ಟೇ ದೂರವಿರಲಿ, ಅಧ್ಯಕ್ಷರೂ ನಾನೂ ಖುದ್ದಾಗಿ ಹೋಗಿ, ತೆಂಗಿನಕಾಯಿ, ಎಲೆ ಅಡಿಕೆ, ಮೇಲೊಂದು ಪತ್ರ ಇಟ್ಟು ಕರೆಯಬೇಕು. ಮದುವೆಗೆ ಕರೆಯುವ ಹಾಗೆ. ಆ ಪತ್ರದ ಕರಡು ನನ್ನದು, ತಿದ್ದುವ ಪೆನ್ನು ನಿಮ್ಮದು. "‘ದಯಮಾಡಿಸಿ’ ಹೇಳಿ ಬರೆಯಡ ತಮಾ. ‘ಬನ್ನಿ’ ಹೇಳು. ಕರೆಯಲೆ ಅಷ್ಟೇ ಸಾಕು" ಎಂದು ನನ್ನ ವಿಶೇಷಣಗಳನ್ನೆಲ್ಲ ಹೊಡೆದುಹಾಕುತ್ತಿದ್ದಿರಿ. ನಿಮ್ಮನ್ನು ಕರೆಯುವುದು ಎಲ್ಲಿ? ವಖಾರಿಯ ತಕ್ಕಡಿಯ ಪಕ್ಕ. "ಮಾಸ್ತರೇ, ಈ ವರ್ಷನೂ ಒಂದು ಬರೆದಿಟ್ಕಳಿ, ಎಂತಕ್ಕೂ ಇರ್ಲಿ." ಎಲೆ ಅಡಿಕೆ ಹೋಗಲಿ, ಕೂರಿ ಎಂದು ಕೂಡ ಹೇಳುತ್ತಿರಲಿಲ್ಲ.

ನೀವು ಬರೆಯಲು ಶುರುಮಾಡಿದ ಆರನೇ ವರ್ಷದ ಮಧ್ಯಾಹ್ನ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅತಿಥಿಗಳು ಧಾರವಾಡದ ಕಡೆಯ ದೊಡ್ಡ ವಿದ್ವಾಂಸರು, ಮಾತಿಗೆ ನಿಂತರೆ ಗೋಡೆಯೂ ಕೇಳಬೇಕು. ಅವರು ಇಳಿದುಕೊಂಡ ಕೋಣೆಗೆ ಚಹ ತೆಗೆದುಕೊಂಡು ಹೋದೆ. "ಕೂಡ್ರಿ ಕಾರ್ಯದರ್ಶಿಗಳ" ಎಂದು ಕೂರಿಸಿ, ನಮ್ಮದೇ ಪತ್ರವನ್ನು ಚೀಲದಿಂದ ತೆಗೆದು ಮುಂದಿಟ್ಟರು. "ಎಲ್ಲಾ ಛಲೋ ಬರದೀರಿ. ಆದ್ರ ವಿಷಯ ಏನಂತ ಬರದೇ ಇಲ್ಲಲ್ರಿ? ನಾ ಏನು ಮಾತಾಡ್ಬೇಕು?" ನಾನು ಪತ್ರ ನೋಡಿದೆ. ಆ ವರ್ಷ ನಿಮ್ಮ ತಿದ್ದುಪಡಿ ನನಗೆ ತೀರಾ ಸಪ್ಪೆ ಅನ್ನಿಸಿತ್ತು. ನಿಮಗೆ ಹೇಳದೆ ಹೊಸದಾಗಿ ಬರೆದಿದ್ದೆ. ದಯಮಾಡಿಸಿ, ಪಾದ ಬೆಳೆಸಿ, ಜ್ಞಾನವಾರಿಧಿ, ಎಲ್ಲ ಇತ್ತು. ಅದನ್ನೆಲ್ಲ ತುರುಕುವ ಭರದಲ್ಲಿ ವಿಷಯದ ಸಾಲೇ ಬಿಟ್ಟುಹೋಗಿತ್ತು. ಕರೆಯಲು ಹೋದ ದಿನ ಬಾಯಲ್ಲಾದರೂ ಹೇಳಿದ್ದೆವೇ? ಅವರ ಮನೆಯ ಅವಲಕ್ಕಿ ತಿಂದು ನಮಸ್ಕರಿಸಿ ಬಂದಿದ್ದೆವು. ಹೊರಗೆ ಗೋಡೆಗೋಡೆಗೂ "ನಾನು ಓದು ಕಲಿತ ಬಗೆ" ಎಂದು ಭಿತ್ತಿಪತ್ರ ಅಂಟಿಸಿಯಾಗಿತ್ತು.

"ಟಿಪ್ಪಣಿ ಏನಾರ ಇದ್ರ ಕೊಡ್ರಿ, ಒಂದೀಟು ನೋಡ್ಕೋತೀನಿ" ಎಂದರು. ಆಗಲೇ ನಾನು ನಿಮ್ಮ ಹತ್ತಿರ ಓಡಿ ಬಂದದ್ದು. ಸಭೆಗೆ ಇನ್ನೂ ಒಂದು ತಾಸಿತ್ತು. ನೀವು ಆಗಲೇ ಬಂದು ಮೂರನೇ ಸಾಲಿನಲ್ಲಿ ಕೂತಿದ್ದಿರಿ. ಅಲ್ಲಿ ನಿಂತು ನಿಜ ಹೇಳಬಹುದಿತ್ತು. ಇಂದು ಅವರು ಬೇರೆ ಏನಾದರೂ ಮಾತಾಡಲಿ, ಈ ವಿಷಯಕ್ಕೆ ನೀವೇ ನಿಲ್ಲಿ ಎನ್ನಬಹುದಿತ್ತು. ನಾನು ಹೇಳಿದ್ದು, "ಮಾಸ್ತರೇ, ನಿಮ್ಮ ಕಾಗ್ದ ಒಂಚೂರು ಕೊಡಿ. ಸ್ವಾಗತಕ್ಕೆ ಒಂದು ಮಾತು ಸೇರಿಸ್ಕಳವು." ನೀವು ಕಿಸೆಯಿಂದ ತೆಗೆದು ಕೊಟ್ಟಿರಿ. ಎಂತಕ್ಕೆ ಎಂದು ಕೂಡ ಕೇಳಲಿಲ್ಲ. ನಾಲ್ಕನೇ ಇಯತ್ತೆಯಿಂದ ನೋಡಿದ ಮುಖ, ಸುಳ್ಳು ಹೇಳೀತು ಎಂದು ನಿಮಗೆ ಯಾಕೆ ಅನ್ನಿಸಬೇಕು?

ವಿದ್ವಾಂಸರು ಪುಟ ತಿರುವುತ್ತ ತಿರುವುತ್ತ ನೆಟ್ಟಗೆ ಕೂತರು. "ಭಾಳ ಛಲೋ ಐತಲ್ರೀ. ಯಾರದಿದು?" ಎಂದರು. ಈ ಮಾತನ್ನು ಬರೆಯಲು ಕೈ ಏಳುತ್ತಿಲ್ಲ, ಆದರೂ ಬರೆಯುತ್ತೇನೆ. "ಯಾರದ್ದೂ ಅಲ್ಲ ಸರ್" ಎಂದೆ.

ಆಮೇಲಿನದನ್ನು ನೀವೇ ಕೇಳಿದ್ದೀರಿ. ಓದು ಬಾರದ, ನಿಮ್ಮನ್ನು ಹೆತ್ತ ಆಯಿ, ಬೆಲ್ಲ ಕಟ್ಟಿಕೊಂಡು ಬಂದ ಪೇಪರನ್ನು ಬಿಸಾಡದೆ, ಮೊಣಕಾಲ ಮೇಲೆ ಹರಡಿ ಸುಕ್ಕು ತೀಡಿ ನಿಮ್ಮ ಕೈಗೆ ಕೊಡುತ್ತಿದ್ದದ್ದು. ನೀವು ಅಕ್ಷರ ಕೂಡಿಸಿ ಓದುತ್ತ ಪೇಪರು ಹರಿದ ಜಾಗಕ್ಕೆ ಬಂದು ನಿಂತರೆ, ಮುಂದಿನದನ್ನು ಆಯಿಯೇ ಹೇಳಿ ಮುಗಿಸುತ್ತಿದ್ದದ್ದು. ಆಯಿಯ ಪೇಪರಿನಲ್ಲಿ ಕಳೆದುಹೋದ ದನ ಮನೆಗೆ ಬರುತ್ತಿತ್ತು, ಕಳ್ಳರೆಲ್ಲ ಸಿಕ್ಕಿಬೀಳುತ್ತಿದ್ದರು. ನೀವು "ಆಯಿ" ಎಂದು ಬರೆದ ಕಡೆಯಲ್ಲೆಲ್ಲ ಅವರು "ನಮ್ಮವ್ವ" ಎಂದರು. ಅಬ್ಬಾ, ಆ ಧ್ವನಿ. ಸಭೆಯಲ್ಲಿ ಸೆರಗು ಕಣ್ಣಿಗೆ ಹೋಯಿತು. ನಾನು ನಿಮ್ಮ ಹಿಂದಿನ ಕಂಬಕ್ಕೆ ಒರಗಿ ನಿಂತಿದ್ದೆ. ಪಕ್ಕದ ಕುರ್ಚಿಯವರು ನಿಮ್ಮ ಕಡೆ ಬಾಗಿ, "ಎಂಥಾ ಆಯಿ ಅವಕ್ಕೆ, ಅಲ್ದ ಮಾಸ್ತರೇ?" ಎಂದರು. ನೀವು, "ಹೌದು" ಎಂದಿರಿ. ಎಲ್ಲರೂ ಚಪ್ಪಾಳೆ ತಟ್ಟುವಾಗ ನೀವೂ ತಟ್ಟಿದಿರಿ.

ಸಭೆ ಮುಗಿದ ಮೇಲೆ ಬಸ್ ಸ್ಟ್ಯಾಂಡಿನವರೆಗೆ ನಾನು ನಿಮ್ಮ ಜೊತೆ ನಡೆದು ಬಂದೆ. ಬೈಯುತ್ತೀರಿ ಎಂದುಕೊಂಡಿದ್ದೆ, ಬೈದಿದ್ದರೆ ಕಾಲಿಗೆ ಬೀಳಬಹುದಿತ್ತು. ನೀವು, "ಚೊಲೋ ಧ್ವನಿ ಅವರದ್ದು" ಎಂದಿರಿ. ಇಸಳೂರಿನ ಬಸ್ಸು ಬಂತು. ಮೆಟ್ಟಿಲಿಗೆ ಕಾಲಿಟ್ಟು ತಿರುಗಿ, "ಆ ಕಾಗ್ದ ವಾಪಸ್ ಸಿಕ್ತನ ತಮಾ? ಅದೊಂದೇ ಪ್ರತಿ ಇದ್ದಿದ್ದು" ಎಂದಿರಿ. "ತರಿಸ್ಕೊಡ್ತೆ" ಎಂದೆ. ಕಾಗದ ಅಷ್ಟು ಹೊತ್ತಿಗೆ ವಿದ್ವಾಂಸರ ಚೀಲದಲ್ಲಿ ಊರು ಬಿಟ್ಟಿತ್ತು. ತರಿಸಿಕೊಡಲಿಲ್ಲ. ಕೇಳಬೇಕೆಂದರೆ ಯಾರದ್ದು ಎಂದು ಹೇಳಬೇಕಾಗುತ್ತಿತ್ತಲ್ಲ... ನೀವೂ ಎರಡನೇ ಸಲ ಕೇಳಲಿಲ್ಲ.

ಮರುವರ್ಷ ನಿಮ್ಮ ಹತ್ತಿರ ಹೇಗೆ ಬರುವುದೆಂದು ನಾನು ಒದ್ದಾಡುತ್ತಿದ್ದಾಗ ನೀವೇ ವಖಾರಿಗೆ ಬಂದಿರಿ. "ಈ ಸಲದ್ದು. ನಿನ್ನ ಹತ್ರವೇ ಇರ್ಲಿ" ಎಂದು ಭಾಷಣ ಬರೆದ ಕಾಗದವನ್ನು ಲಕೋಟೆಯಲ್ಲಿ ಹಾಕಿ ಕೊಟ್ಟಿರಿ. ಆಮೇಲಿನ ನಾಲ್ಕು ವರ್ಷವೂ ಹಾಗೇ. ಉಪನ್ಯಾಸ ಮುಗಿದ ಮೇಲೆ ನಾನು ಲಕೋಟೆಯನ್ನು ಬಿಚ್ಚದೆ ವಾಪಸು ಕೊಡುತ್ತಿದ್ದೆ. ಮಾಸ್ತರು ಮರೆತರು, ದೊಡ್ಡ ಮನಸ್ಸು ಎಂದುಕೊಂಡು ಆರಾಮಾಗಿ ಊಟ ಮಾಡಿದೆ, ನಿದ್ದೆ ಮಾಡಿದೆ. ನಿಮ್ಮ ದೊಡ್ಡ ಮನಸ್ಸಿನಿಂದ ನನಗೆ ಎಷ್ಟು ಅನುಕೂಲವಾಯಿತು ನೋಡಿ.

ಹೋದ ತಿಂಗಳು ಇಸಳೂರಿಗೆ ಹೋಗಿದ್ದೆ. ಇಷ್ಟು ವರ್ಷದ ಉಪನ್ಯಾಸಗಳನ್ನೆಲ್ಲ ಸೇರಿಸಿ ವಾಚನಾಲಯದವರು ಪುಸ್ತಕ ಮಾಡುತ್ತಿದ್ದಾರೆ, ಸಂಪಾದಕ ನಾನೇ. ಹಳೆಯ ಕರೆಯೋಲೆಗಳು ನಿಮ್ಮಲ್ಲಿ ಇರಬಹುದೆಂದು ಕೇಳಿದರೆ, ನಿಮ್ಮ ಹೆಂಡತಿ ಶಾರದಕ್ಕ ಒಂದು ಬಟ್ಟೆಯ ಚೀಲ ತಂದು ಮುಂದಿಟ್ಟರು. "ಅವು ಬರದ್ದೆಲ್ಲಾ ಇದ್ರಲ್ಲಿ ಇದ್ದು. ನಿಂಗಕ್ಕೇ ಬೇಕಾಗ್ತು" ಎಂದರು. ಹತ್ತು ಭಾಷಣಗಳಿದ್ದವು. ಆರನೆಯದರ ಜಾಗ ಖಾಲಿ. ಮೊದಲ ಐದು, ಪರೀಕ್ಷೆಯ ಹಳೆ ಕಾಗದಗಳ ಹಿಂಬದಿಯಲ್ಲಿ, ಇರುವೆ ಸಾಲಿನಂಥ ನಿಮ್ಮ ಅಕ್ಷರ. ಪುಟಪುಟದಲ್ಲೂ ನಿಲ್ಕುಂದ, ನಮ್ಮ ಶಾಲೆ, ನಿಮ್ಮ ಆಯಿ, ಒಂದು ಕಡೆ ಹೆಸರಿಲ್ಲದೆ ನಾನೂ ಇದ್ದೇನೆ. ಕೊನೆಯ ಐದು ಬೇರೆ. ಹೊಸ ಬಿಳಿ ಹಾಳೆ, ಒಂದೇ ಮಗ್ಗುಲು, ಅಕ್ಷರ ಒಂದೊಂದೂ ಅಡಿಕೆಯಷ್ಟು ದಪ್ಪ.

"ಕಣ್ಣು ಕಾಣ್ತಿಲ್ಯ, ಇಷ್ಟು ದೊಡ್ಡಕೆ ಎಂತಕ್ಕೆ ಬರೀತ್ರಿ ಹೇಳಿ ಕೇಳಿದ್ದಿ" ಎಂದರು ಶಾರದಕ್ಕ. "ಎಂಗಲ್ಲ, ಓದವಕ್ಕೆ ಕಾಣವು ಹೇಳಿದ್ವು." ನಿಮಗಲ್ಲ, ಓದುವವರಿಗೆ ಕಾಣಬೇಕು ಎಂದಿದ್ದಿರಂತೆ.

ನಾನು ಅಲ್ಲೇ ಜಗಲಿಯಲ್ಲಿ ಕೂತು ಐದನ್ನೂ ಓದಿದೆ. ಯಾವುದರಲ್ಲೂ ನಿಲ್ಕುಂದ ಇಲ್ಲ. ಶಾಲೆ ಇಲ್ಲ. ಆಯಿ ಎಲ್ಲಿಯೂ ಇಲ್ಲ. ಯಾವ ಊರಿನ ಯಾವ ದೊಡ್ಡವರ ಬಾಯಿಗಾದರೂ ಒಗ್ಗುವಂಥ, ಅಚ್ಚುಕಟ್ಟಾದ, ಯಾರದ್ದೂ ಅಲ್ಲದ ಭಾಷಣಗಳು. ಮೊದಲ ಪುಟದ ಮೇಲ್ಭಾಗದಲ್ಲಿ ನಾಲ್ಕು ಬೆರಳು ಜಾಗ ಬಿಟ್ಟು, "ಇಲ್ಲಿ ಅತಿಥಿಗಳ ವಂದನೆ" ಎಂದು ಪೆನ್ಸಿಲಿನಲ್ಲಿ ಬರೆದಿದ್ದೀರಿ. ನೀವು ಮರೆತಿರಲಿಲ್ಲ. ನಾನು ಮತ್ತೆ ಕದ್ದೇನೆಂದು ನಂಬಿದ್ದಿರಿ. ನಂಬಿಯೂ ನಮಗೆ ತೊಂದರೆಯಾಗದಿರಲಿ ಎಂದು ಬರೆದುಕೊಟ್ಟಿರಿ, ನಿಮ್ಮ ಆಯಿಯನ್ನು ಮಾತ್ರ ಮನೆಯಲ್ಲೇ ಉಳಿಸಿಕೊಂಡಿರಿ. ಮಾಸ್ತರೇ, ನಾಚಿಕೆ ಎಂಬ ಶಬ್ದವನ್ನು ನಿಮ್ಮ ಶಾಲೆಯಲ್ಲೇ ಬರೆಯಲು ಕಲಿತೆ. ಅರ್ಥವಾದದ್ದು ನಿಮ್ಮ ಜಗಲಿಯಲ್ಲಿ.

ಇನ್ನು, ನೀವು ಕೇಳದೇ ಹೋದ ಸುದ್ದಿ. ಆ ವಿದ್ವಾಂಸರಿಗೆ ಎಲ್ಲವನ್ನೂ ಬರೆದು ತಿಳಿಸಿದೆ. ಹದಿನೈದು ದಿನಕ್ಕೆ ದಪ್ಪ ಲಕೋಟೆ ಬಂತು. "ಯಾರದ್ದೂ ಅಲ್ಲ ಎಂದು ನೀವು ಹೇಳಿದ್ದು ನಿಮ್ಮ ತಪ್ಪು. ಯಾರದೋ ತಾಯಿ ಎಂದು ತಿಳಿದೂ ನಮ್ಮವ್ವ ಎಂದದ್ದು ನನ್ನದು. ಪುಸ್ತಕದಲ್ಲಿ ನನ್ನ ಹೆಸರು ತೆಗೆಯಿರಿ" ಎಂದು ಬರೆದಿದ್ದಾರೆ. ಒಳಗೆ ನಿಮ್ಮ ಕಾಗದವಿತ್ತು, ನಾಲ್ಕಾಗಿ ಮಡಚಿದ ಅದೇ ಗೆರೆಗಳ ಸಮೇತ. ವಾಪಸು ಸಿಕ್ಕಿತು, ಮಾಸ್ತರೇ. ತರಿಸಿಕೊಡುತ್ತೇನೆ ಎಂದ ಮಾತು ಇಷ್ಟು ತಡವಾಗಿ ನಡೆಯಿತು.

"ಹಳೇದನ್ನ ಈಗ ಎಂತಕ್ಕೆ ಕೆದಕ್ತೆ? ಪುಸ್ತಕದಲ್ಲಿ ಹೆಸರು ತಿದ್ದಿದ್ರೆ ಸಾಕು" ಎನ್ನುತ್ತಾರೆ ಅಧ್ಯಕ್ಷರು. ನನಗೆ ಸಾಲದು. ಈ ಸಲದ ಕರೆಯೋಲೆಯಲ್ಲಿ ಉಪನ್ಯಾಸಕರ ಜಾಗದಲ್ಲಿ ನಿಮ್ಮ ಹೆಸರಿದೆ. ಓದುವವನು ನಾನು. ಓದುವ ಮೊದಲು, ಈ ಕಾಗದ ನಿಮ್ಮ ಕಿಸೆಯಿಂದ ನನ್ನ ಕೈಗೆ ಹೇಗೆ ಬಂತು, ನಾನು ಏನು ಹೇಳಿ ತೆಗೆದುಕೊಂಡೆ, ಏನು ಹೇಳಿ ಕೊಟ್ಟೆ ಎಂಬುದನ್ನು ಆ ಮೈಕಿನಲ್ಲೇ ಹೇಳುತ್ತೇನೆ. ಅಂದು ಚಪ್ಪಾಳೆ ತಟ್ಟಿದವರು ಎಷ್ಟೋ ಜನ ಇರುತ್ತಾರೆ. ಆಯಿಯ ಪೇಪರಿನಲ್ಲಿ ಕಳ್ಳರೆಲ್ಲ ಸಿಕ್ಕಿಬೀಳುತ್ತಿದ್ದರಲ್ಲ, ಒಬ್ಬ ಉಳಿದಿದ್ದ.

ನಿನ್ನೆ ತೆಂಗಿನಕಾಯಿ, ಎಲೆ ಅಡಿಕೆ ತೆಗೆದುಕೊಂಡು ಇಸಳೂರಿಗೆ ಹೋಗಿ ಕರೆದು ಬಂದೆ. ಶಾರದಕ್ಕ ಕೈ ಒರೆಸಿಕೊಂಡು ತೆಗೆದುಕೊಂಡರು. "ಈಗ ಬಂದ್ಯನ ತಮಾ" ಎಂದರು. ಎಲೆ ಅಡಿಕೆಯ ಮೇಲೆ ಇಡಬೇಕಾದ ಪತ್ರ ಇದೇ. ತಿದ್ದುವವರಿಲ್ಲದ ಕಾರಣ ಉದ್ದವಾಯಿತು. ಆದರೆ ಈ ಸಲ ವಿಷಯ ಬಿಟ್ಟಿಲ್ಲ: "ನಾನು ಓದು ಕಲಿತ ಬಗೆ". ಬರುವ ಭಾನುವಾರ ಸಂಜೆ ನಾಲ್ಕೂವರೆಗೆ, ವಾಚನಾಲಯದ ಸಭಾಂಗಣದಲ್ಲಿ.

ಬನ್ನಿ.